ಹದಿನೇಳು ಮತ್ತು ಹದಿನೆಂಟು: ಹೆರಿಗೆ, ಐವಿಎಫ್ ಖರ್ಚನ್ನು ಆರೋಗ್ಯ ವಿಮೆ ಕಡ್ಡಾಯವಾಗಿ ಕೊಡಬೇಕೇ?

ನಮ್ಮ ಕೈಯಿಂದ ದುಡ್ಡು ಕಟ್ಟಿ ತೆಗೆದುಕೊಳ್ಳುವ ಹೆಚ್ಚಿನ ಆರೋಗ್ಯ ವಿಮೆಗಳು ಹೆರಿಗೆ, ಗರ್ಭಪಾತ, ಗರ್ಭನಿರೋಧ, ಮಕ್ಕಳಾಗಲು ಪಡೆಯುವ ಐವಿಎಫ್‌ನಂಥ (ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡುವ) ಚಿಕಿತ್ಸೆ ಯಾವುದರ ಖರ್ಚನ್ನೂ ಕೊಡುವುದಿಲ್ಲ. ಹೆರಿಗೆಗೆ ಕೊಡುವ ಕೆಲವು ಪಾಲಿಸಿಗಳಲ್ಲೂ ಪ್ರೀಮಿಯಂ ಜಾಸ್ತಿ, ಕಾಯುವ ಅವಧಿ ಉದ್ದ, ಸಿಗುವ ಮೊತ್ತ ಸಣ್ಣದು. ಇವನ್ನೆಲ್ಲ ಪ್ರತಿ ಪಾಲಿಸಿಯಲ್ಲೂ ಕಡ್ಡಾಯವಾಗಿ ಸೇರಿಸಬೇಕೇ? ಮಗು ಕಳೆದುಕೊಂಡ ತಾಯಿಯೊಬ್ಬರು ಹೌದು ಎನ್ನುತ್ತಾರೆ. ಇಪ್ಪತ್ತು ವರ್ಷ ಪಾಲಿಸಿ ಮಾಡಿಸಿದವರೊಬ್ಬರು ಬೇಡ ಎನ್ನುತ್ತಾರೆ.

ಪರ: ನಾನು ಬಿದ್ದಿರಲಿಲ್ಲ

ಹನ್ನೊಂದನೇ ವಾರದಲ್ಲಿ ನನ್ನ ಮಗು ಹೋಯಿತು. ಬೆಳಿಗ್ಗೆ ಸ್ವಲ್ಪ ರಕ್ತ ಕಂಡಿತ್ತು. ಸಂಜೆ ಸ್ಕ್ಯಾನಿಂಗ್ ಮಾಡುವಾಗ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಲಿಲ್ಲ. ಹಿಂದಿನ ಸಲ ತಿರುಗಿಸಿ, ಮಗುವಿನ ಎದೆಬಡಿತ ತೋರಿಸಿದ್ದರು. ರಾತ್ರಿ ರಕ್ತಸ್ರಾವ ಜಾಸ್ತಿಯಾಯಿತು. ಅಡ್ಮಿಟ್ ಮಾಡಿಕೊಂಡು, ಗರ್ಭಕೋಶ ಸ್ವಚ್ಛ ಮಾಡುವ ಡಿ ಅಂಡ್ ಸಿ ಮಾಡಿದರು, ಎರಡು ಬಾಟಲಿ ರಕ್ತ ಕೊಟ್ಟರು. ಮೂರನೇ ದಿನ ಮನೆಗೆ ಬಂದೆ. ಬಿಲ್ಲು ಐವತ್ತೆರಡು ಸಾವಿರ.

ನಮಗೆ ಐದು ಲಕ್ಷದ ಪಾಲಿಸಿ ಇತ್ತು. ಮದುವೆಯಾದ ವರ್ಷವೇ ಮಾಡಿಸಿದ್ದು. ಆರು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ, ಒಂದು ಕ್ಲೇಮೂ ಮಾಡಿರಲಿಲ್ಲ. ಕಾಗದಪತ್ರ ಎಲ್ಲ ಕಳಿಸಿದ ಮೇಲೆ ಒಂದು ಫೋನ್ ಬಂತು. ಆ ಕಡೆಯ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ನೀವು ಎಲ್ಲಾದ್ರೂ ಬಿದ್ದಿದ್ರಾ? ಗಾಡಿ ಏನಾದ್ರೂ ತಾಗಿತ್ತಾ?" ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಇಲ್ಲ ಎಂದೆ. ವಾರದೊಳಗೆ ಕ್ಲೇಮು ತಿರಸ್ಕಾರವಾಯಿತು. ಗರ್ಭ ಹೋಗಿದ್ದು ಅಪಘಾತದಿಂದಾದರೆ ಮಾತ್ರ ದುಡ್ಡು ಕೊಡುತ್ತಾರೆ ಎಂದು ಆಗ ಗೊತ್ತಾಯಿತು. ಆ ಹುಡುಗಿ ಎರಡನೇ ಸಲ ಯಾಕೆ ಕೇಳಿದಳು ಎನ್ನುವುದು ಹೊಳೆದಿದ್ದು ಅದಕ್ಕಿಂತಲೂ ತಡವಾಗಿ. ನಾನು ಹೌದು ಎನ್ನಲಿ ಎಂದು ಅವಳು ಕಾದಿದ್ದಳು.

ಆಮೇಲೆ ನಾನು ಪಾಲಿಸಿಯ ಪುಸ್ತಕವನ್ನು ಪೂರ್ತಿ ಓದಿದೆ. ನೀವೂ ನಿಮ್ಮ ಮನೆಯದನ್ನು ತೆಗೆದು ಓದಿ. ವಿಮೆಯ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಒಂದು ನಿಯಮ ತಂದಿತು. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಎನ್ನುವುದನ್ನು ಎಲ್ಲ ಕಂಪನಿಗಳೂ ಒಂದೇ ಮಾತುಗಳಲ್ಲಿ, ಒಂದೇ ನಂಬರಿನಲ್ಲಿ ಬರೆಯಬೇಕು ಎಂದಿತು. ಉದ್ದೇಶ ಒಳ್ಳೆಯದೇ, ಜನರಿಗೆ ಗೊಂದಲ ಆಗಬಾರದು ಅಂತ. ಆ ಪಟ್ಟಿಯಲ್ಲಿ 18 ಬಾಬುಗಳಿವೆ. 8ನೆಯದು ಅಂದಕ್ಕಾಗಿ ಮಾಡಿಸುವ ಪ್ಲಾಸ್ಟಿಕ್ ಸರ್ಜರಿ. 9 ಅಪಾಯದ ಸಾಹಸ ಕ್ರೀಡೆ. 10 ಅಪರಾಧ ಮಾಡಲು ಹೋಗಿ ಆದ ಗಾಯ. 12 ಕುಡಿತ ಮತ್ತು ಮಾದಕ ವಸ್ತು. 17ರಲ್ಲಿ ಗರ್ಭನಿರೋಧ, ಸಂತಾನಹರಣ ಆಪರೇಷನ್, ಮಕ್ಕಳಾಗದವರ ಚಿಕಿತ್ಸೆ, ಐವಿಎಫ್ ಎಲ್ಲವೂ ಇವೆ. 18ರಲ್ಲಿ ಹೆರಿಗೆ, ಸಿಸೇರಿಯನ್, ಗರ್ಭಪಾತ. ಹೆಣ್ಣಿನ ಹದಿನೈದರಿಂದ ನಲವತ್ತೈದರವರೆಗಿನ ಬದುಕು ಬಹುಪಾಲು ಆ ಎರಡು ನಂಬರುಗಳಲ್ಲೇ ಮುಗಿದುಹೋಗುತ್ತದೆ.

18ನೆಯ ಬಾಬಿನಲ್ಲಿ ಒಂದು ವಿನಾಯಿತಿ ಇದೆ. ಗರ್ಭ ಗರ್ಭಕೋಶದ ಹೊರಗೆ, ಸಾಮಾನ್ಯವಾಗಿ ನಾಳದಲ್ಲಿ ನಿಂತರೆ ಅದರ ಚಿಕಿತ್ಸೆಗೆ ದುಡ್ಡು ಸಿಗುತ್ತದೆ. ಅದು ಜೀವಕ್ಕೆ ಅಪಾಯ, ಸಿಗಲೇಬೇಕು. ಆದರೆ ನನ್ನ ಗರ್ಭ ನಿಲ್ಲಬೇಕಾದ ಜಾಗದಲ್ಲೇ ನಿಂತು, ಆಮೇಲೆ ಹೋಯಿತು. ನನಗೂ ರಕ್ತ ಹರಿಯಿತು, ನನ್ನ ಹಿಮೋಗ್ಲೋಬಿನ್ನೂ ಆರಕ್ಕೆ ಇಳಿಯಿತು. ಎರಡಿಂಚು ಆಚೆ ಈಚೆ ಎನ್ನುವುದರ ಮೇಲೆ ದುಡ್ಡು ಕೊಡುವ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕನ್ನಡದಲ್ಲಿ ತಾನಾಗಿ ಹೋದರೂ ಗರ್ಭಪಾತ, ಮಾಡಿಸಿಕೊಂಡರೂ ಗರ್ಭಪಾತ. ಪಾಲಿಸಿಯಲ್ಲಿ ಇವೆರಡನ್ನೂ ಪಕ್ಕಪಕ್ಕದಲ್ಲಿ ಬರೆದು ಎರಡನ್ನೂ ಹೊರಗಿಟ್ಟಿದ್ದಾರೆ. 1971ರ ಕಾಯ್ದೆಯಿಂದ ಈ ದೇಶದಲ್ಲಿ ಕಾನೂನುಬದ್ಧ ಗರ್ಭಪಾತಕ್ಕೆ ಅವಕಾಶವಿದೆ, 2021ರ ತಿದ್ದುಪಡಿ ಅದನ್ನು ಇನ್ನಷ್ಟು ವಿಸ್ತರಿಸಿತು. ಆದರೂ ಕಾನೂನು ಒಪ್ಪಿದ ಚಿಕಿತ್ಸೆಯನ್ನು ವಿಮೆ ಒಪ್ಪುವುದಿಲ್ಲ.

ಮಗು ಹೋದ ಮೇಲೆ ಎರಡು ವರ್ಷ ಮತ್ತೆ ಗರ್ಭ ನಿಲ್ಲಲಿಲ್ಲ. ಅತ್ತೆಯವರು ಕುಕ್ಕೆಗೆ ಕರೆದುಕೊಂಡು ಹೋಗಿ ಆಶ್ಲೇಷಾ ಬಲಿ ಮಾಡಿಸಿದರು. ನಾನು ಬೇಡ ಎನ್ನಲಿಲ್ಲ. ಆ ಸಾಲಿನಲ್ಲಿ ನನ್ನಂಥ ಎಷ್ಟೋ ಹೆಂಗಸರು ಒದ್ದೆ ಸೀರೆಯಲ್ಲಿ ಕೂತಿದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆಮೇಲೆ ಚಿಕಿತ್ಸೆ ಶುರುವಾಯಿತು. ಮೊದಲು ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್, ಮಾಡಬೇಕು ಎಂದರು. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು ಎಂಬ ಅನುಮಾನಕ್ಕೆ. ಆ ಕಾಯಿಲೆಯ ಆಪರೇಷನ್ನಿಗೆ ನಮ್ಮ ಪಾಲಿಸಿಯಲ್ಲಿ ಎರಡು ವರ್ಷ ಕಾದ ಮೇಲೆ ದುಡ್ಡು ಸಿಗುತ್ತದೆ. ಆದರೆ ಡಿಸ್ಚಾರ್ಜ್ ಕಾಗದದಲ್ಲಿ "ಮಕ್ಕಳಾಗದ ಕಾರಣಕ್ಕೆ" ಎಂಬ ಮಾತು ಬಂದರೆ ಅದೇ ಆಪರೇಷನ್ 17ನೆಯ ಬಾಬಿಗೆ ಹೋಗಿ ಬೀಳುತ್ತದೆ. ಈ ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಇದು ಗೊತ್ತು. ಡಾಕ್ಟರು ಆ ಒಂದು ಸಾಲನ್ನು ಹೇಗೆ ಬರೆಯುತ್ತಾರೋ ಎಂದು ದಂಪತಿ ಉಸಿರು ಬಿಗಿಹಿಡಿದು ಕಾಯುತ್ತಾರೆ. ಹೊಟ್ಟೆ ಒಂದೇ, ಗಡ್ಡೆ ಒಂದೇ, ಕತ್ತರಿಸುವ ಕೈ ಒಂದೇ. ನೋವಿಗೆ ಮಾಡಿಸಿದರೆ ಕಾಯಿಲೆ, ಮಗುವಿಗೆ ಮಾಡಿಸಿದರೆ ಕಾಯಿಲೆ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಾಗದಿರುವುದನ್ನು ಕಾಯಿಲೆ ಎಂದೇ ಕರೆಯುತ್ತದೆ. ಗಂಡಿನದಾಗಲಿ ಹೆಣ್ಣಿನದಾಗಲಿ ಸಂತಾನಾಂಗಗಳ ಕಾಯಿಲೆ. ಬದುಕಿನಲ್ಲಿ ಆರರಲ್ಲಿ ಒಬ್ಬರನ್ನು ಇದು ಮುಟ್ಟುತ್ತದೆ ಎಂದು ಅದರ 2023ರ ವರದಿ ಹೇಳಿತು. ಗಂಡಿನದೂ ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಇಕ್ಸಿ ಎಂಬ ವಿಧಾನ ಇದೆ, ವೀರ್ಯಾಣು ತೀರಾ ಕಡಿಮೆ ಇರುವಾಗ ಒಂದನ್ನೇ ಆರಿಸಿ ಅಂಡಾಣುವಿನೊಳಗೆ ಸೂಜಿಯಿಂದ ಬಿಡುವುದು. ಅಲ್ಲಿ ತೊಂದರೆ ಇರುವುದು ಗಂಡನಿಗೆ. ಹೊಟ್ಟೆಗೆ ದಿನವೂ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಹೆಂಡತಿ. ಗಂಡನ ಬೇರೆ ಎಲ್ಲ ಅಂಗಕ್ಕೂ ವಿಮೆ ಇದೆ, ಇದಕ್ಕೆ ಮಾತ್ರ ಇಲ್ಲ.

ಬೆಂಗಳೂರಿನಲ್ಲಿ ಐವಿಎಫ್‌ನ ಒಂದು ಸುತ್ತಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಲಕ್ಷ ಆಗುತ್ತದೆ. ಒಂದೇ ಸುತ್ತಿಗೆ ಫಲ ಸಿಗದಿರುವುದೇ ಜಾಸ್ತಿ. ನಾನು ಬಳೆ ಅಡವಿಟ್ಟೆ, ಆಮೇಲೆ ಅಮ್ಮ ಕೊಟ್ಟ ಸರ ಇಟ್ಟೆ. ದುಡ್ಡು ಹೀಗೆ ಕೈಯಿಂದ ಹೋಗುವಾಗ ಏನಾಗುತ್ತದೆ ಗೊತ್ತಾ? "ಎರಡು ಭ್ರೂಣ ಹಾಕಿಬಿಡಿ ಡಾಕ್ಟ್ರೇ, ಇನ್ನೊಂದು ಸಲ ಆಗಲ್ಲ" ಎಂದು ನಾವೇ ಕೈಮುಗಿಯುತ್ತೇವೆ. ಅವಳಿ ಆಗುತ್ತವೆ, ದಿನ ತುಂಬುವ ಮೊದಲೇ ಹುಟ್ಟುತ್ತವೆ, ವಾರಗಟ್ಟಲೆ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಇರುತ್ತವೆ. ಬೆಲ್ಜಿಯಂ ದೇಶ 2003ರಲ್ಲಿ ಇದಕ್ಕೆ ಒಂದು ದಾರಿ ಹುಡುಕಿತು. ಆರು ಸುತ್ತಿನ ಲ್ಯಾಬ್ ಖರ್ಚು ನಾವು ಕೊಡುತ್ತೇವೆ, ಆದರೆ 36ಕ್ಕಿಂತ ಚಿಕ್ಕವರಿಗೆ ಮೊದಲ ಸುತ್ತಿನಲ್ಲಿ ಒಂದೇ ಭ್ರೂಣ ಹಾಕಬೇಕು ಎಂದಿತು. ಅವಳಿಗಳು ಕಡಿಮೆಯಾದವು. ವಿಮೆ ದುಡ್ಡು ಕೊಟ್ಟರೆ ಷರತ್ತನ್ನೂ ಹಾಕಬಹುದು. ಈಗ ನಮ್ಮಲ್ಲಿ ಷರತ್ತು ಹಾಕುವವರು ಯಾರೂ ಇಲ್ಲ, ಬಳೆ ಎಷ್ಟು ತೂಗುತ್ತದೆ ಎನ್ನುವುದೇ ಷರತ್ತು.

ಕಡ್ಡಾಯ ಮಾಡುವುದು ಆಗದ ಮಾತು ಎನ್ನುವವರಿಗೆ ಮಾನಸಿಕ ಆರೋಗ್ಯವನ್ನು ನೆನಪಿಸುತ್ತೇನೆ. ಅದನ್ನೂ ವಿಮೆ ಹೊರಗಿಟ್ಟಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ದೇಹದ ಕಾಯಿಲೆಗೆ ಕೊಟ್ಟಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಿತು. ಕಂಪನಿಗಳು ತಡ ಮಾಡಿದವು. ಕೊನೆಗೆ 2022ರ ಅಕ್ಟೋಬರ್ ಮುಗಿಯುವುದರೊಳಗೆ ಎಲ್ಲರೂ ಸೇರಿಸಲೇಬೇಕು ಎಂದು ಐಆರ್‌ಡಿಎಐ ಗಡುವು ಕೊಟ್ಟಿತು. ಸೇರಿಸಿದರು. ಯಾವ ಕಂಪನಿಯೂ ಅದರಿಂದ ಬಾಗಿಲು ಹಾಕಲಿಲ್ಲ.

ಐವಿಎಫ್ ಅಗತ್ಯ ಅನ್ನುವುದನ್ನು ಸರ್ಕಾರ ತನ್ನ ನೌಕರರ ವಿಷಯದಲ್ಲಿ ಯಾವತ್ತೋ ಒಪ್ಪಿದೆ. ಕೇಂದ್ರ ನೌಕರರ ಸಿಜಿಎಚ್‌ಎಸ್ ಆರೋಗ್ಯ ಯೋಜನೆಯಲ್ಲಿ 2011ರ ಆದೇಶದಂತೆ ಒಂದು ಸುತ್ತಿಗೆ 65,000 ರೂಪಾಯಿಯವರೆಗೆ, ಮೂರು ಸುತ್ತಿಗೆ ಮರುಪಾವತಿ ಇತ್ತು. ಐವಿಎಫ್ ಮತ್ತು ಬಾಡಿಗೆ ತಾಯ್ತನದ ಬಗ್ಗೆ ಮಾಡಿದ 2021ರ ಕಾನೂನುಗಳು ಇನ್ನೂ ಮುಂದೆ ಹೋದವು. ಅಂಡಾಣು ದಾನ ಮಾಡುವ ಹೆಣ್ಣಿಗೆ 12 ತಿಂಗಳು, ಬಾಡಿಗೆ ತಾಯಿಗೆ 36 ತಿಂಗಳು ವಿಮೆ ಮಾಡಿಸಲೇಬೇಕು ಎಂದವು. ಬಹಳ ಸರಿಯಾದ ನಿಯಮ. ಮಗು ಬೇಕೆಂದು ಅದೇ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ, ಅದೇ ಅಪಾಯ ಎದುರಿಸುವ ಹೆಂಡತಿಗೆ ಮಾತ್ರ ಯಾರೂ ಏನೂ ಹೇಳಿಲ್ಲ.

ಹೆರಿಗೆ ಯೋಜನೆ ಮಾಡಿ ಆಗುವಂಥದ್ದು, ವಿಮೆ ಇರುವುದು ನೆನೆಸದೆ ಬರುವ ಆಪತ್ತಿಗೆ ಅಂತ ಒಂದು ವಾದ ಇದೆ. ಮದುವೆಯ ಮನೆಯ ಊಟದ ಹಾಗೆ ಹೆರಿಗೆಯನ್ನು ಯಾರಾದರೂ ಯೋಜಿಸಿದ್ದಾರಾ? ಬಿಪಿ ಏರಿ ಫಿಟ್ಸ್ ಬರುವುದನ್ನು ಯಾರು ಯೋಜಿಸುತ್ತಾರೆ? ಹೆತ್ತ ಮೇಲೆ ರಕ್ತ ನಿಲ್ಲದಿರುವುದನ್ನು? ಗರ್ಭನಿರೋಧ ಕೈಕೊಟ್ಟು ನಿಂತ ಗರ್ಭವನ್ನು? ಮಂಡಿ ಚಿಪ್ಪು ಬದಲಿಸುವ ಆಪರೇಷನ್ನಿಗೆ ತಿಂಗಳ ಮುಂಚೆಯೇ ದಿನ ನೋಡಿ ಹೋಗುತ್ತಾರೆ. ಅದಕ್ಕೆ ವಿಮೆ ಇದೆಯಲ್ವಾ?

ಎಲ್ಲವೂ ಒಂದೇ ದಿನ ಆಗಲಿ ಎಂದು ನಾನು ಕೇಳುತ್ತಿಲ್ಲ. ಐವಿಎಫ್‌ಗೆ ವಯಸ್ಸಿನ ಮಿತಿ ಇರಲಿ, ಸುತ್ತಿನ ಮಿತಿ ಇರಲಿ, ಎರಡು ವರ್ಷ ಕಾಯಿಸಲಿ. ಹೆರಿಗೆಗೆ ಒಂಬತ್ತು ತಿಂಗಳು ಕಾಯಿಸಲಿ. ಆದರೆ 18ನೆಯ ಬಾಬಿನಲ್ಲಿ ಗರ್ಭಪಾತದ ಪಕ್ಕ ಬರೆದಿರುವ "ಅಪಘಾತದಿಂದ ಆಗಿದ್ದರೆ ಮಾತ್ರ" ಎನ್ನುವುದನ್ನು ನಾಳೆಯೇ ಹೊಡೆದುಹಾಕಬಹುದು. ಅದಕ್ಕೆ ಸಂಸತ್ತು ಬೇಕಿಲ್ಲ, ಹೊಸ ಕಾನೂನು ಬೇಕಿಲ್ಲ. ಆ ಪಟ್ಟಿ ಬರೆದ ಐಆರ್‌ಡಿಎಐ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ವಿರೋಧ: ಪಾಲಿಸಿ ಬಿಟ್ಟ ಅಕ್ಕನ ಲೆಕ್ಕ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಸುತ್ತಮುತ್ತ ಇಪ್ಪತ್ತು ವರ್ಷ ಆರೋಗ್ಯ ವಿಮೆ ಮಾಡಿಸಿದ್ದೇನೆ. ಅಡಿಕೆ ಮಂಡಿಯ ಗುಮಾಸ್ತರು, ಖಾಸಗಿ ಶಾಲೆಯ ಮೇಷ್ಟ್ರುಗಳು, ಸಣ್ಣ ಅಂಗಡಿಯವರು ನನ್ನ ಗಿರಾಕಿಗಳು. ಬಿಪಿಎಲ್ ಕಾರ್ಡ್ ಇಲ್ಲ, ಕಂಪನಿ ಕೆಲಸವೂ ಇಲ್ಲ. ವಿಮೆ ಇಲ್ಲದಿದ್ದರೆ ಒಂದು ಕಾಯಿಲೆಗೆ ತೋಟ ಮಾರಬೇಕಾದವರು.

ಅವರಲ್ಲಿ ಒಬ್ಬ ಅಕ್ಕ ಇದ್ದರು, ಟೈಲರಿಂಗ್ ಅಂಗಡಿ. ಗಂಡ ಇಲ್ಲ, ಮಗಳು ಮದುವೆಯಾಗಿ ಹೋಗಿದ್ದಳು. ಹನ್ನೊಂದು ವರ್ಷ ಪ್ರೀಮಿಯಂ ಕಟ್ಟಿದರು. ಒಂದು ವರ್ಷ ಕಂಪನಿ ಒಮ್ಮೆಲೇ ಆರು ಸಾವಿರ ಏರಿಸಿತು. "ಅಣ್ಣ, ಈ ವರ್ಷ ಬೇಡ ಬಿಡಿ, ಮುಂದಿನ ವರ್ಷ ನೋಡೋಣ" ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವರಿಗೂ ಕಟ್ಟಬೇಕೆಂದೇ ಇತ್ತು, ದುಡ್ಡಿರಲಿಲ್ಲ. ಎಂಟು ತಿಂಗಳಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಪಾಲಿಸಿಯಲ್ಲಿ ಇನ್ನೊಂದು ವಿಷಯ ಕಡ್ಡಾಯವಾಗಿ ಸೇರಿಸಿ ಎಂದು ಯಾರಾದರೂ ಹೇಳಿದಾಗ ನನ್ನ ಕಣ್ಣ ಮುಂದೆ ಬರುವುದು ಆ ಅಕ್ಕನ ಹೊಲಿಗೆ ಯಂತ್ರ. ಅದನ್ನೂ ಮಾರಿದರು.

ಒಂದು ಲೆಕ್ಕ ಹಾಕೋಣ. ನೂರು ಮನೆಯವರು ಒಂದು ಪಾಲಿಸಿಯಲ್ಲಿದ್ದಾರೆ ಎಂದುಕೊಳ್ಳಿ. ವರ್ಷಕ್ಕೆ ಐದು ಹೆರಿಗೆ, ಒಂದಕ್ಕೆ ಒಂದು ಲಕ್ಷ. ಒಟ್ಟು ಐದು ಲಕ್ಷ. ಮನೆಗೆ ಐದು ಸಾವಿರ ಜಾಸ್ತಿ ಕಟ್ಟಬೇಕು. ಆ ಟೈಲರ್ ಅಕ್ಕನಂಥ, ಮಕ್ಕಳಾಗುವ ವಯಸ್ಸು ದಾಟಿದ ಮೂವತ್ತು ಮನೆಯವರು ನಮಗ್ಯಾಕೆ ಎಂದು ಬಿಡುತ್ತಾರೆ. ಮುಂದಿನ ವರ್ಷ ಮಗು ಮಾಡಿಕೊಳ್ಳಬೇಕು ಎನ್ನುವ ಇಪ್ಪತ್ತು ಜೋಡಿ ಹೊಸದಾಗಿ ಸೇರುತ್ತಾರೆ. ಅವರಲ್ಲಿ ಹತ್ತು ಹೆರಿಗೆ. ಈಗ ತೊಂಬತ್ತು ಮನೆ, ಹದಿನೈದು ಹೆರಿಗೆ. ಮನೆಗೆ ಹದಿನಾರು ಸಾವಿರ ದಾಟಿತು. ಇನ್ನಷ್ಟು ಜನ ಬಿಡುತ್ತಾರೆ. ಹೆತ್ತ ಜೋಡಿಗಳೂ ಎರಡು ವರ್ಷಕ್ಕೆ ಬಿಡುತ್ತಾರೆ. ಇದು ಕಾಗದದ ಮೇಲಿನ ಭಯ ಅಲ್ಲ, ನಾನು ಮಾರಿದ ಹೆರಿಗೆ ಪಾಲಿಸಿಗಳಲ್ಲೇ ಕಂಡಿದ್ದು. ಹೊಸದಾಗಿ ಮದುವೆಯಾದವರು ಬಿಟ್ಟರೆ ಬೇರೆ ಯಾರೂ ಅದನ್ನು ಕೇಳಿಕೊಂಡು ಬಂದಿಲ್ಲ.

ಕಾರ್ಮಿಕರಿಗೆ ಸರ್ಕಾರ ನಡೆಸುವ ವಿಮೆ ಇಎಸ್‌ಐನಲ್ಲಿ ಹೆರಿಗೆ ಇದೆಯಲ್ಲ ಎನ್ನುತ್ತಾರೆ. ಇದೆ, ಚೆನ್ನಾಗಿಯೂ ಇದೆ. 1948ರ ಕಾಯ್ದೆಯಿಂದ ಬಂದದ್ದು. ಪೀಣ್ಯದ ಗಾರ್ಮೆಂಟ್ಸ್ ಹುಡುಗಿಗೆ ಆಸ್ಪತ್ರೆಯೂ ಸಿಗುತ್ತದೆ, 26 ವಾರದ ಸಂಬಳವೂ ಸಿಗುತ್ತದೆ. ಆದರೆ ಅಲ್ಲಿ ಸೇರುವುದೂ ಕಡ್ಡಾಯ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವ ಪ್ರತಿಯೊಬ್ಬರ ಪಾಲೂ ಹೋಗುತ್ತದೆ, ಐವತ್ತೈದರ ವಾಚ್‌ಮನ್‌ನದೂ, ಮದುವೆಯಾಗದ ಹೆಲ್ಪರ್‌ನದೂ. ಯಾರೂ ಬಿಟ್ಟು ಹೋಗುವ ಹಾಗಿಲ್ಲ. ಅದಕ್ಕೇ ಅದು ನಿಂತಿದೆ. ಅಮೆರಿಕದಲ್ಲಿ 2014ರಿಂದ ಜನ ತಾವೇ ಕೊಳ್ಳುವ ಹೊಸ ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಕಡ್ಡಾಯ ಮಾಡಿದರು. ಅದೇ ಕಾನೂನಿನಲ್ಲಿ, ಎಲ್ಲರೂ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ದಂಡ ಎಂದೂ ಬರೆದಿದ್ದರು. ದುಡ್ಡು ಸಾಲದವರಿಗೆ ಸರ್ಕಾರ ಸಹಾಯಧನ ಕೊಟ್ಟಿತು. ನಮ್ಮಲ್ಲಿ ದಂಡ, ಸಹಾಯಧನ ಎರಡೂ ಇಲ್ಲದೆ ಹೆರಿಗೆ ಕಡ್ಡಾಯ ಎನ್ನುವುದನ್ನು ಮಾತ್ರ ಕೇಳುತ್ತಿದ್ದೇವೆ. ನೌಕರರಿಗೆಂದು ಕಂಪನಿಗಳು ಮಾಡಿಸುವ ಗುಂಪು ವಿಮೆಯಲ್ಲಿ ಹೆರಿಗೆ ಕಡ್ಡಾಯ ಮಾಡಿದರೆ ನನ್ನ ತಕರಾರಿಲ್ಲ. ಅಲ್ಲಿ ಆರಿಸಿಕೊಂಡು ಸೇರುವವರಿಲ್ಲ.

2020ರ ಏಪ್ರಿಲ್‌ನಲ್ಲಿ ಆರೋಗ್ಯ ಸಂಜೀವಿನಿ ಎಂಬ ಪಾಲಿಸಿ ಬಂತು. ಎಲ್ಲ ಕಂಪನಿಯಲ್ಲೂ ಒಂದೇ ನಿಯಮ. ಹಳ್ಳಿಯವರಿಗೆ ಹತ್ತು ನಿಮಿಷದಲ್ಲಿ ವಿವರಿಸಬಹುದಾದ ಪಾಲಿಸಿ ನನ್ನ ಇಪ್ಪತ್ತು ವರ್ಷದಲ್ಲಿ ಅದೊಂದೇ. ಅದರಲ್ಲೂ ಹೆರಿಗೆ ಇಲ್ಲ, ಐವಿಎಫ್ ಇಲ್ಲ. ಅದಕ್ಕೇ ಅದು ಕೈಗೆಟುಕುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮನೆಯವರ ಪಾಲಿಸಿ ಮೇಲಿನ ಶೇ. 18 ಜಿಎಸ್‌ಟಿ ಹೋಯಿತು. ಪಾಲಿಸಿ ಬಿಟ್ಟಿದ್ದ ನಾಲ್ಕು ಮನೆಯವರು ನನಗೆ ತಾವಾಗಿ ಫೋನ್ ಮಾಡಿದರು. ಅಷ್ಟು ಸಣ್ಣ ಇಳಿಕೆಗೆ ಜನ ವಾಪಸ್ ಬರುತ್ತಾರೆ ಎಂದರೆ, ಅಷ್ಟೇ ಸಣ್ಣ ಏರಿಕೆಗೆ ಹೋಗುತ್ತಾರೆ ಕೂಡ.

ದುಡ್ಡಿನ ಮಾತು ಒಂದು ಕಡೆ ಇರಲಿ. ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಗರ್ಭಕೋಶದ ಮೇಲೆ ವಿಮೆಯ ದುಡ್ಡು ಬಂದು ಕೂತಾಗ ಏನಾಗುತ್ತದೆ ಎನ್ನುವುದನ್ನು ಈ ದೇಶ ಒಮ್ಮೆ ನೋಡಿದೆ. 2008ರಲ್ಲಿ ಬಡವರಿಗಾಗಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು, ಮನೆಗೆ ವರ್ಷಕ್ಕೆ 30,000 ರೂಪಾಯಿ. ಬಿಹಾರ, ಛತ್ತೀಸಗಢದಲ್ಲಿ ಕೆಲವು ಖಾಸಗಿ ಆಸ್ಪತ್ರೆಗಳು ಬಿಳಿಸೆರಗು, ಹೊಟ್ಟೆನೋವು ಎಂದು ಬಂದ ಹೆಂಗಸರ ಗರ್ಭಕೋಶ ತೆಗೆದು, ಅವರ ವಿಮೆಯ ಕಾರ್ಡು ಉಜ್ಜಿ ದುಡ್ಡು ಪಡೆದವು. ಚಿಕ್ಕ ವಯಸ್ಸಿನವರೂ ಇದ್ದರು. ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ನಮ್ಮ ಕಲಬುರಗಿಯ ಲಂಬಾಣಿ ತಾಂಡಾಗಳಲ್ಲೂ ಇದೇ ನಡೆದದ್ದು 2015ರಲ್ಲಿ ಬೆಳಕಿಗೆ ಬಂತು. ಅಲ್ಲಿ ವಿಮೆಯೂ ಇರಲಿಲ್ಲ, ಹೆಂಗಸರೇ ಸಾಲ ಮಾಡಿ ದುಡ್ಡು ಕೊಟ್ಟಿದ್ದರು. ಸಾಲದ ದುಡ್ಡಿಗೇ ಹೀಗಾದರೆ, ಕೇಳಿದ ತಕ್ಷಣ ಮಂಜೂರಾಗುವ ವಿಮೆ ದುಡ್ಡಿಗೆ ಏನಾಗಬೇಡ?

ಸಿಸೇರಿಯನ್ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆ ಸಿಸೇರಿಯನ್. ಖಾಸಗಿಯಲ್ಲಿ 47. ಬಿಲ್ಲನ್ನು ಇನ್ನೊಬ್ಬರು ಕಟ್ಟುತ್ತಾರೆ ಎಂದಾದರೆ ಈ 47 ಎಲ್ಲಿಗೆ ಹೋಗುತ್ತದೆ? ಸುಮ್ನೆ ಹೇಳುತ್ತಿಲ್ಲ. "ಇನ್ಶೂರೆನ್ಸ್ ಇದೆಯಾ?" ಎಂದು ಕೌಂಟರಿನಲ್ಲಿ ಕೇಳಿದ ಮೇಲೆ ಬಿಲ್ಲಿನ ಬಣ್ಣ ಬದಲಾಗುವುದನ್ನು ನನ್ನ ಗಿರಾಕಿಗಳ ಜೊತೆ ನಿಂತು ಎಷ್ಟೋ ಸಲ ನೋಡಿದ್ದೇನೆ. ಮಾತ್ರೆಯಲ್ಲಿ ಹೋಗಬಹುದಾದ ಕಿಡ್ನಿ ಕಲ್ಲಿಗೆ ಆಪರೇಷನ್ ಆಗುತ್ತದೆ. ಐವಿಎಫ್ ಕ್ಲಿನಿಕ್ಕುಗಳ ಮೇಲೆ ಕಾನೂನು ಜಾರಿಗೆ ಬಂದಿದ್ದೇ 2022ರ ಜನವರಿಯಲ್ಲಿ. ಅದಕ್ಕೂ ಮೊದಲು ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. ಆ ಕಾನೂನು ಇನ್ನೂ ಅಂಬೆಗಾಲಿಡುತ್ತಿದೆ. ಈಗಲೇ ಅದಕ್ಕೆ ವಿಮೆಯ ಬಾಗಿಲು ತೆರೆದರೆ, ಆರು ತಿಂಗಳು ಕಾದಿದ್ದರೆ ತಾನಾಗಿ ಗರ್ಭ ನಿಲ್ಲಬಹುದಾಗಿದ್ದ ಹುಡುಗಿಯನ್ನೂ ಮೇಜಿನ ಮೇಲೆ ಮಲಗಿಸುತ್ತಾರೆ.

ಒಂದು ವಿಷಯ ಒಪ್ಪುತ್ತೇನೆ. ಗರ್ಭ ಹೋಗಿ ಆದ ರಕ್ತಸ್ರಾವ, ಬಿಪಿ ಏರಿ ಬಂದ ಫಿಟ್ಸ್ ಇವನ್ನೆಲ್ಲ ಹೊರಗಿಟ್ಟಿರುವುದು ತಪ್ಪು. ಇವು ಹಾರ್ಟ್ ಅಟ್ಯಾಕ್‌ನಷ್ಟೇ ನೆನೆಸದೆ ಬರುವ ಆಪತ್ತು. ಇವನ್ನು ಸೇರಿಸಿದರೆ ಪ್ರೀಮಿಯಂ ಹೆಚ್ಚೇನೂ ಏರುವುದಿಲ್ಲ, ಯಾರೂ ಇದಕ್ಕಾಗಿಯೇ ಪಾಲಿಸಿ ಕೊಳ್ಳುವುದಿಲ್ಲ. ಮಗು ಕಳೆದುಕೊಂಡ ತಾಯಿಗೆ "ಬಿದ್ದಿದ್ರಾ" ಎಂದು ಕೇಳುವ ಕೆಲಸ ಯಾರಿಗೂ ಬರಬಾರದು. ಆದರೆ ಅಲ್ಲಿಂದ ಹೊರಟು ಎಲ್ಲ ಹೆರಿಗೆ, ಎಲ್ಲ ಐವಿಎಫ್ ಎಂದು ಹೋಗುವುದನ್ನು ನಾನು ಒಪ್ಪಲಾರೆ.

ಯಾಕೆಂದರೆ ಪಾಲಿಸಿ ಇರುವುದು ಯಾರ ಹತ್ತಿರ? ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬರಿಗಾದರೂ ಯಾವುದೋ ಒಂದು ಆರೋಗ್ಯ ವಿಮೆ ಇರುವ ಮನೆಗಳು ದೇಶದಲ್ಲಿ ನೂರಕ್ಕೆ 41. ಅದರಲ್ಲೂ ಬಹುಪಾಲು ಸರ್ಕಾರದ ಯೋಜನೆಗಳದ್ದು. ಮಕ್ಕಳಾಗದ ನೋವು ಚಿಕ್ಕಮಗಳೂರಿನ ಎಸ್ಟೇಟ್ ಲೈನಿನಲ್ಲೂ ಇದೆ, ರಾಯಚೂರಿನ ಹತ್ತಿ ಹೊಲದಲ್ಲೂ ಇದೆ. ನಾಳೆ 17ನೆಯ ಬಾಬು ಅಳಿಸಿದರೂ ಆ ಹೆಂಗಸಿಗೆ ಏನೂ ಸಿಗುವುದಿಲ್ಲ. ಆಯುಷ್ಮಾನ್ ಭಾರತದಲ್ಲಿಯೂ ಮಕ್ಕಳಾಗುವ ಚಿಕಿತ್ಸೆ ಹೊರಗೇ ಇದೆ. ಅವಳಿಗೆ ಬೇಕಿರುವುದು ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಒಳ್ಳೆಯ ಸ್ಕ್ಯಾನಿಂಗ್, ಗಂಡನ ವೀರ್ಯ ಪರೀಕ್ಷೆ, ಥೈರಾಯ್ಡ್ ಮಾತ್ರೆ. ಎಷ್ಟೋ ಜೋಡಿಗೆ ಅಷ್ಟರಲ್ಲೇ ಮಗುವಾಗುತ್ತದೆ. ಐವಿಎಫ್ ಬೇಕಾದವರಿಗೂ ದಾರಿ ಇದೆ. ಪಕ್ಕದ ಗೋವಾ ತನ್ನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಉಚಿತವಾಗಿ ಐವಿಎಫ್ ಶುರು ಮಾಡಿತು. ನಮ್ಮಲ್ಲಿ ಬೆಂಗಳೂರಿನ ವಾಣಿವಿಲಾಸ ಇದೆ, ಮೈಸೂರಿನ ಚೆಲುವಾಂಬ ಇದೆ, ಮಂಗಳೂರಿನ ಲೇಡಿಗೋಷನ್ ಇದೆ. ತಲೆಮಾರುಗಳಿಂದ ನಮ್ಮ ತಾಯಂದಿರು ಹೆತ್ತ ಆಸ್ಪತ್ರೆಗಳು. ಅಲ್ಲಿ ಮಾಡಲಿ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಆ ತಾಯಂದಿರು ದುಡ್ಡಿಲ್ಲದೆ ಸಾಯಲಿಲ್ಲ, ಹೆರಿಗೆ ಅವರಿಗೆ ಉಚಿತವೇ ಆಗಿತ್ತು. ಆ ವಾರ ನನಗೆ ಭದ್ರಾವತಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಹೆಂಡತಿಗೆ ಏಳು ತಿಂಗಳು. "ಸಾರ್, ಗೌರ್ಮೆಂಟ್ ಆಸ್ಪತ್ರೆಗೆ ಹೆದರಿಕೆ ಆಗ್ತಿದೆ, ಹೆರಿಗೆಗೆ ಪಾಲಿಸಿ ಏನಾದ್ರೂ ಈಗ ಮಾಡಿಸಬಹುದಾ?" ಎಂದು ಕೇಳಿದ. ಈಗ ಆಗುವುದಿಲ್ಲಪ್ಪ ಎಂದು ಹೇಳಿ, ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೇ ಕರೆದುಕೊಂಡು ಹೋಗು ಎಂದೆ. ತಿಂಗಳು ತುಂಬಿ ಹೆಣ್ಣು ಮಗು ಆಯಿತು, ನಾರ್ಮಲ್ ಹೆರಿಗೆ. ಅಲ್ಲಿಯವರೆಗೂ ನಾನೂ ಆ ಹುಡುಗನಷ್ಟೇ ಹೆದರಿದ್ದೆ.